ಹೊಟ್ಟು ಉದುರುವ ಚರ್ಮ: ಮುಟ್ಟಿದರೆ ಅಂಟುತ್ತದೆಯೇ?



ಈ ಪಾಠದಲ್ಲಿ ನಮ್ಮ ಚರ್ಮದ ವಿಷಯ ಓದುವಾ. ಕೆಲವರ ಮೈಯಲ್ಲಿ ಕೆಂಪು ಕಲೆ ಏಳುತ್ತದೆ. ಅದರ ಮೇಲೆ ಬಿಳಿ ಹೊಟ್ಟು ಬರುತ್ತದೆ. ಕೆರೆದರೆ ಉದುರುತ್ತದೆ. ಅದನ್ನು ನೋಡಿ ಜನ ದೂರ ಹೋಗುತ್ತಾರೆ. ದೂರ ಹೋಗುವುದು ಸರಿಯೇ? ಅದು ಯಾವ ಕಾಯಿಲೆ? ಅದಕ್ಕೆ ಮದ್ದು ಉಂಟೇ? ಒಂದೊಂದಾಗಿ ತಿಳಿಯುವಾ.

ಮೊದಲು ನಮ್ಮ ತರಗತಿಯಲ್ಲಿ ನಡೆದ ಒಂದು ಸಂಗತಿ.

ಬಾಗಿಲ ಹತ್ತಿರದ ಚಾಪೆ

ನಮ್ಮ ಕಲಿಕಾ ಕೇಂದ್ರ ಎಣ್ಮಕಜೆ ಪಂಚಾಯತಿನಲ್ಲಿ ಉಂಟು. ಸಂಜೆ ಕೆಲಸ ಮುಗಿಸಿ ಎಲ್ಲರೂ ಬರುತ್ತಾರೆ. ಅಡಿಕೆ ಸುಲಿಯುವ ಕೆಲಸದ ಒಬ್ಬರು ಅಕ್ಕ ಬರುತ್ತಿದ್ದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರು ಯಾವಾಗಲೂ ಬಾಗಿಲ ಹತ್ತಿರವೇ ಕೂರುತ್ತಿದ್ದರು. ಉದ್ದ ಕೈಯ ರವಿಕೆ ಹಾಕುತ್ತಿದ್ದರು. ಸೆಕೆಯಲ್ಲಿಯೂ ಸೆರಗು ಹೊದೆಯುತ್ತಿದ್ದರು.

"ಅಕ್ಕ, ಎದುರು ಬಂದು ಕೂತುಕೊಳ್ಳಿ" ಎಂದೆ.

"ಬೇಡ ಟೀಚರೇ, ನನಗೆ ಇಲ್ಲಿಯೇ ಗಾಳಿ ಬರ್ತದೆ" ಎಂದರು.

ಗಾಳಿಯ ಮಾತು ನೆಪ ಅಷ್ಟೆ. ಅವರ ಮೊಣಕೈಯಲ್ಲಿ, ಮೊಣಕಾಲಿನಲ್ಲಿ ದಪ್ಪ ಕಲೆಗಳಿದ್ದವು. ಎದ್ದು ಹೋದ ಮೇಲೆ ಚಾಪೆಯಲ್ಲಿ ಬಿಳಿ ಹೊಟ್ಟು ಕಾಣುತ್ತಿತ್ತು. ಅವರೇ ಅದನ್ನು ಕೈಯಲ್ಲಿ ಗುಡಿಸಿ ಹೊರಗೆ ಹಾಕುತ್ತಿದ್ದರು.

ಒಂದು ದಿನ ಅವರು ಡಬ್ಬದಲ್ಲಿ ಅವಲಕ್ಕಿ ಕಲಸಿ ತಂದರು. ಯಾರೂ ಕೈ ಹಾಕಲಿಲ್ಲ. ನಾನು "ಇವತ್ತು ಹೊಟ್ಟೆ ಸರಿ ಇಲ್ಲ ಅಕ್ಕ" ಎಂದೆ. ಅದು ಸುಳ್ಳು. ನನ್ನ ಹೊಟ್ಟೆ ಸರಿಯಾಗಿಯೇ ಇತ್ತು. ನಾನು ಬಿ.ಎ. ಓದಿದವಳು. ಆದರೂ ನನಗೆ ಹೆದರಿಕೆ ಇತ್ತು. ಅವರು ಡಬ್ಬ ಮುಚ್ಚಿ ಮನೆಗೆ ತೆಗೆದುಕೊಂಡು ಹೋದರು. ಮರುದಿನ ತರಗತಿಗೆ ಬರಲಿಲ್ಲ.

ಆ ಮೇಲೆ ನಾನು ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿದೆ. ಅಲ್ಲಿ ತಿಳಿದ ವಿಷಯವನ್ನೇ ಈ ಪಾಠದಲ್ಲಿ ಬರೆದಿದ್ದೇನೆ.

ಸೋರಿಯಾಸಿಸ್ ಎಂದರೆ ಎಂತ?

ಆ ಅಕ್ಕನಿಗೆ ಇದ್ದದ್ದು ಸೋರಿಯಾಸಿಸ್.

ತೆಂಗಿನ ಮರ ನೋಡಿದ್ದೀರಲ್ಲ? ಹೆಚ್ಚುಕಡಿಮೆ ತಿಂಗಳಿಗೆ ಒಂದು ಹಳೆ ಮಡಲು ಬೀಳುತ್ತದೆ. ಮೇಲೆ ಹೊಸ ಮಡಲು ಬರುತ್ತದೆ. ನಮ್ಮ ಚರ್ಮವೂ ಹಾಗೆಯೇ. ಕೆಳಗೆ ಹೊಸ ಚರ್ಮ ಹುಟ್ಟುತ್ತದೆ. ಅದು ಮೇಲೆ ಬಂದು, ಹಳತಾಗಿ, ಕಣ್ಣಿಗೆ ಕಾಣದಂತೆ ಉದುರುತ್ತದೆ. ಇದಕ್ಕೆ ಸುಮಾರು ಒಂದು ತಿಂಗಳು ಬೇಕು.

ಸೋರಿಯಾಸಿಸ್ ಇದ್ದವರಲ್ಲಿ ಈ ಕೆಲಸ ಬಹಳ ಬೇಗ ನಡೆಯುತ್ತದೆ. ಒಂದು ತಿಂಗಳ ಕೆಲಸ ಕೆಲವೇ ದಿನಗಳಲ್ಲಿ ಆಗುತ್ತದೆ. ಹೊಸ ಚರ್ಮ ಒಂದರ ಮೇಲೊಂದು ಬಂದು ರಾಶಿ ಬೀಳುತ್ತದೆ. ಆ ರಾಶಿಯೇ ಬಿಳಿ ಹೊಟ್ಟು.

ಬೇಗ ಯಾಕೆ ಆಗುತ್ತದೆ? ರೋಗದ ವಿರುದ್ಧ ಹೋರಾಡಲು ನಮ್ಮ ಮೈಯೊಳಗೆ ಒಂದು ಕಾವಲು ಉಂಟು. ಆ ಕಾವಲು ದಾರಿ ತಪ್ಪಿ ನಮ್ಮ ಚರ್ಮದ ಮೇಲೆಯೇ ಕೆಲಸ ಮಾಡುತ್ತದೆ. ಕೆಲವು ಮನೆಗಳಲ್ಲಿ ತಂದೆ, ತಾಯಿ, ಅಜ್ಜ, ಅಜ್ಜಿಯಿಂದಲೂ ಈ ಗುಣ ಬರುತ್ತದೆ.

ಇದರಲ್ಲಿ ಹುಳು ಇಲ್ಲ. ರೋಗಾಣು ಇಲ್ಲ. ಆದ್ದರಿಂದ ಇದು ಅಂಟುವುದಿಲ್ಲ. ಮುಟ್ಟಿದರೆ ಬರುವುದಿಲ್ಲ. ಒಟ್ಟಿಗೆ ಉಂಡರೆ ಬರುವುದಿಲ್ಲ. ಒಂದೇ ಚಾಪೆಯಲ್ಲಿ ಕೂತರೆ, ಒಂದೇ ಬಾವಿಯ ನೀರು ಕುಡಿದರೆ ಬರುವುದಿಲ್ಲ. ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಬರುವುದಿಲ್ಲ. ಈ ಸಾಲುಗಳನ್ನು ಇನ್ನೊಮ್ಮೆ ದೊಡ್ಡದಾಗಿ ಓದಿ.

ಈ ಕಾಯಿಲೆ ಲೋಕದ ಎಲ್ಲ ದೇಶಗಳಲ್ಲಿಯೂ ಉಂಟು. ಇದು ಅಂಟುರೋಗವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ 2014ರಲ್ಲಿ ಎಲ್ಲ ದೇಶಗಳಿಗೂ ಹೇಳಿತು. ಪ್ರತಿ ವರ್ಷ ಅಕ್ಟೋಬರ್ 29ರಂದು ವಿಶ್ವ ಸೋರಿಯಾಸಿಸ್ ದಿನ ಆಚರಿಸುತ್ತಾರೆ.

ಗುರುತು ಹಿಡಿಯುವುದು ಹೇಗೆ?

ಹೊಟ್ಟು ಬರುವ ಎಲ್ಲ ಕಲೆಯೂ ಸೋರಿಯಾಸಿಸ್ ಅಲ್ಲ. ಒಂದೊಂದಕ್ಕೆ ಒಂದೊಂದು ಗುರುತು ಉಂಟು.

1. ಸೋರಿಯಾಸಿಸ್: ಕಲೆ ದಪ್ಪ. ಅಂಚು ಸ್ಪಷ್ಟ. ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು. ಮೊಣಕೈ, ಮೊಣಕಾಲು, ಸೊಂಟದ ಹಿಂದೆ, ತಲೆಯಲ್ಲಿ ಹೆಚ್ಚು. ಕಪ್ಪು ಮೈಬಣ್ಣದವರಲ್ಲಿ ಕಲೆ ಕೆಂಪಾಗಿ ಕಾಣದೆ ನೇರಳೆ ಅಥವಾ ಕಡು ಕಂದು ಬಣ್ಣ ಕಾಣಬಹುದು. ಉಗುರಿನಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ ಬೀಳಬಹುದು. ಕೆಲವರಿಗೆ ಬೆರಳಿನ ಗಂಟು, ಬೆನ್ನು ನೋವಾಗುತ್ತದೆ. ಬೆಳಿಗ್ಗೆ ಏಳುವಾಗ ಗಂಟು ಹಿಡಿದುಕೊಂಡಿರುತ್ತದೆ. ಹೀಗಾದರೆ ತಡಮಾಡದೆ ವೈದ್ಯರಿಗೆ ಹೇಳಬೇಕು. ಬಿಟ್ಟರೆ ಗಂಟು ಸೊಟ್ಟ ಆಗಬಹುದು.

2. ಇಸಬು: ಇದಕ್ಕೆ ಎಕ್ಸಿಮಾ ಎಂದೂ ಹೇಳುತ್ತಾರೆ. ತುರಿಕೆ ಬಹಳ. ಅಂಚು ಸ್ಪಷ್ಟ ಇಲ್ಲ. ನೀರು ಸೋರಬಹುದು. ಮಕ್ಕಳಿಗೆ ಮೊಣಕೈ, ಮೊಣಕಾಲು ಮಡಚುವ ಒಳಭಾಗದಲ್ಲಿ ಬರುತ್ತದೆ. ದೊಡ್ಡವರಿಗೆ ಸೋಪಿನ ಪುಡಿ, ಸಿಮೆಂಟು ತಾಗಿ ಕೈಯಲ್ಲಿ ಬರುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಮೈ ಸುಟ್ಟು ಆ ಮೇಲೆ ಸಿಪ್ಪೆ ಏಳುತ್ತದೆ. ಇದೂ ಅಂಟುವುದಿಲ್ಲ.

3. ಹುಳುಕಡ್ಡಿ: ಬಳೆಯ ಹಾಗೆ ಉರುಟು. ಅಂಚಿನಲ್ಲಿ ಹೊಟ್ಟು ಮತ್ತು ತುರಿಕೆ, ನಡುವೆ ಚರ್ಮ ತಿಳಿ. ತೊಡೆ ಸಂದಿ, ಸೊಂಟ, ಕಂಕುಳಲ್ಲಿ ಹೆಚ್ಚು. ಇದು ಬೂಸು ರೋಗ. ಇದು ಅಂಟುತ್ತದೆ. ಒಬ್ಬರ ಬೈರಾಸು ಇನ್ನೊಬ್ಬರು ಬಳಸಬಾರದು. ಮಳೆಗಾಲದಲ್ಲಿ ಒದ್ದೆ ಬಟ್ಟೆ ಹಾಕಿದರೆ ಜಾಸ್ತಿ ಆಗುತ್ತದೆ.

4. ಕಜ್ಜಿ: ಬೆರಳ ಸಂದಿಯಲ್ಲಿ, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ. ರಾತ್ರಿ ತುರಿಕೆ ಹೆಚ್ಚು. ಮನೆಯಲ್ಲಿ ಒಬ್ಬರ ನಂತರ ಒಬ್ಬರಿಗೆ ಬರುತ್ತದೆ. ಇದು ಅಂಟುತ್ತದೆ. ಮನೆಯ ಎಲ್ಲರೂ ಒಂದೇ ದಿನ ಮದ್ದು ಹಚ್ಚಬೇಕು.

5. ಹುಟ್ಟಿನಿಂದ ಒಣ ಚರ್ಮ: ಕೆಲವು ಮಕ್ಕಳಿಗೆ ಸಣ್ಣಂದಿನಿಂದಲೇ ಕಾಲಿನ ಚರ್ಮ ಮೀನಿನ ಮೈಯ ಹಾಗೆ ಕಾಣುತ್ತದೆ. ಇದು ಹೆಚ್ಚಾಗಿ ವಂಶದಿಂದ ಬರುವುದು. ಅಂಟುವುದಿಲ್ಲ. ದಿನಾಲೂ ಎಣ್ಣೆ, ಮುಲಾಮು ಹಚ್ಚಿ ಮೆತ್ತಗೆ ಇಡಬೇಕು.

6. ಸ್ಪರ್ಶ ಇಲ್ಲದ ಕಲೆ: ಬಣ್ಣ ಮಾಸಿದ ಅಥವಾ ತಾಮ್ರದ ಬಣ್ಣದ ಕಲೆ. ಮುಟ್ಟಿದರೆ ಗೊತ್ತಾಗುವುದಿಲ್ಲ. ಬಿಸಿ, ತಣ್ಣಗೆ ತಿಳಿಯುವುದಿಲ್ಲ. ಇದು ಕುಷ್ಠರೋಗ ಇರಬಹುದು. ಹೆದರಬೇಡಿ, ಅಡಗಿಸಬೇಡಿ. ಸರಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಮದ್ದು ಉಚಿತ. 6 ತಿಂಗಳು ಅಥವಾ 12 ತಿಂಗಳು ಮದ್ದು ತಿಂದರೆ ಪೂರ್ತಿ ಗುಣ ಆಗುತ್ತದೆ. ತಡ ಮಾಡಿದರೆ ಕೈಕಾಲಿಗೆ ಊನ ಬರುತ್ತದೆ.

ಈ ಗುರುತು ತಿಳಿದರೆ ನಾವು ವೈದ್ಯರಿಗೆ ಸರಿಯಾಗಿ ಹೇಳಬಹುದು. ಆದರೆ ಕಾಯಿಲೆ ಯಾವುದೆಂದು ತೀರ್ಮಾನ ಮಾಡುವುದು ವೈದ್ಯರೇ.

ಎಂಡೋಸಲ್ಫಾನ್ ಕಾರಣವಾ? ನಾಗದೋಷವಾ?

ನಮ್ಮ ಊರಿನಲ್ಲಿ ಈ ಎರಡು ಪ್ರಶ್ನೆ ಬಂದೇ ಬರುತ್ತದೆ.

ಎಣ್ಮಕಜೆಯ ಕಥೆ ಎಲ್ಲರಿಗೂ ಗೊತ್ತು. ಸರಕಾರದ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷ ಚಿಮುಕಿಸುತ್ತಿದ್ದರು. ಪಡ್ರೆ, ಸ್ವರ್ಗ, ವಾಣಿನಗರದ ಗುಡ್ಡ, ತೋಡು, ಮನೆಯ ಮೇಲೆ ಅದು ಬಿತ್ತು. 2000ದಲ್ಲಿ ಈ ಸಿಂಪಡಣೆ ನಿಂತಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಎಂಡೋಸಲ್ಫಾನನ್ನು ತಡೆಯಿತು. ನೋವು ತಿಂದ ಮನೆಗಳು ಈಗಲೂ ನಮ್ಮ ನಡುವೆ ಉಂಟು.

ಹಾಗಾಗಿ ಮೈಯಲ್ಲಿ ಎಂತ ಬಂದರೂ "ಇದು ಅದರಿಂದಲೇ" ಎಂದು ನಮ್ಮ ಬಾಯಿಗೆ ಬರುತ್ತದೆ. ಹಾಗೆ ತಿಳಿದು ಸುಮ್ಮನೆ ಕೂತರೆ ನಷ್ಟ ನಮಗೇ. ವಿಷ ಬೀಳದ ಊರುಗಳಲ್ಲಿಯೂ ಸೋರಿಯಾಸಿಸ್ ಉಂಟು, ಇಸಬು ಉಂಟು. ಚರ್ಮವನ್ನು ಹೊರಗಿನಿಂದ ನೋಡಿ ಕಾರಣ ಹೇಳಲು ಆಗುವುದಿಲ್ಲ. ನಿಮಗೆ ಸಂಶಯ ಇದ್ದರೆ ವೈದ್ಯರಿಗೆ ಹೇಳಿ, ಚೀಟಿಯಲ್ಲಿ ಬರೆಸಿ, ಕಾಗದ ಜೋಪಾನ ಇಡಿ. ಆದರೆ ಮದ್ದು ಇವತ್ತೇ ಸುರು ಮಾಡಿ.

ಇನ್ನು ನಾಗನ ವಿಷಯ. ನಮ್ಮ ಕಡೆ ಚರ್ಮದ ಕಾಯಿಲೆ ಬಂದರೆ ನಾಗದೋಷ ಎನ್ನುತ್ತಾರೆ. ಬನಕ್ಕೆ ಹಾಲು ಎರೆಯುವುದು, ಆಶ್ಲೇಷ ಬಲಿ ಮಾಡಿಸುವುದು ನಿಮ್ಮ ನಂಬಿಕೆ. ಅದನ್ನು ನಾನು ಬೇಡ ಎನ್ನುವುದಿಲ್ಲ. ಆದರೆ ಒಂದು ಮಾತು. ದೋಷ ಎಂದರೆ ತಪ್ಪು ಎಂದು ಅರ್ಥ. ಕಾಯಿಲೆ ಬಂದ ಹೆಂಗಸು ತಪ್ಪು ಮಾಡಿದವಳಲ್ಲ. ಅವಳನ್ನು ಬಾಗಿಲ ಹತ್ತಿರ ಕೂರಿಸಬೇಡಿ. ಪೂಜೆಯ ಖರ್ಚಿಗಾಗಿ ಮದ್ದು ನಿಲ್ಲಿಸಬೇಡಿ.

ಪುಡಿಯ ಕಥೆ

ಆ ಅಕ್ಕನ ಮನೆಗೆ ಹೋದೆ. ಮೊದಲು ತಪ್ಪು ಒಪ್ಪಿಕೊಂಡೆ. ಅವರು ನಕ್ಕರು. ಆ ಮೇಲೆ ಅವರ ಕಥೆ ಹೇಳಿದರು.

"ಒಂದು ಜಾತ್ರೆಯಲ್ಲಿ ಪುಡಿ ಮಾರುತ್ತಿದ್ದರು ಟೀಚರೇ. ಹದಿನೈದು ದಿನದಲ್ಲಿ ಎಲ್ಲ ಹೋಯಿತು. ಮೈ ಕನ್ನಡಿಯ ಹಾಗೆ ಆಯಿತು. ಮಗಳಿಗೆ ಸಂಬಂಧ ನೋಡುವವರು ಬರುವ ಸಮಯ. ನನಗೆ ಸಂತೋಷ. ಪುಡಿ ಮುಗಿಯಿತು, ನಿಲ್ಲಿಸಿದೆ. ಒಂದು ವಾರದಲ್ಲಿ ತಲೆಯಿಂದ ಕಾಲಿನವರೆಗೆ ಕೆಂಪು. ಚಳಿ, ಜ್ವರ. ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದೆ."

ಆ ಪುಡಿಯಲ್ಲಿ ಸ್ಟಿರಾಯ್ಡ್ ಇದ್ದಿರಬಹುದು ಎಂದು ವೈದ್ಯರು ಅವರಿಗೆ ಹೇಳಿದರಂತೆ. ಸ್ಟಿರಾಯ್ಡ್ ಒಂದು ಬಲವಾದ ಮದ್ದು. ತಿಂದರೆ ಸೋರಿಯಾಸಿಸ್ ಬೇಗ ಮಾಯುತ್ತದೆ. ಥಟ್ಟನೆ ನಿಲ್ಲಿಸಿದರೆ ಎರಡು ಪಾಲು ಜೋರಾಗಿ ಬರುತ್ತದೆ. ಮೈಯಿಡೀ ಕೆಂಪಾಗಿ ಚಳಿ ಹಿಡಿದರೆ ಪ್ರಾಣಕ್ಕೇ ಅಪಾಯ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹಚ್ಚುವ ಮುಲಾಮಿನಲ್ಲಿಯೂ ಸ್ಟಿರಾಯ್ಡ್ ಇರುತ್ತದೆ. ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಮದ್ದು. ಕೇಳದೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ಮೊದಲು ತುರಿಕೆ ನಿಲ್ಲುತ್ತದೆ, ಆ ಮೇಲೆ ಮೈಯೆಲ್ಲ ಹರಡುತ್ತದೆ. ಆದ್ದರಿಂದ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಮಾಡಿತು. ಪಕ್ಕದ ಮನೆಯವರ ಟ್ಯೂಬು ನಮ್ಮ ಮೈಗೆ ಬೇಡ.

ಮದ್ದು ಏನೇನು ಉಂಟು?

ಸೋರಿಯಾಸಿಸನ್ನು ಬೇರು ಸಹಿತ ಕೀಳುವ ಮದ್ದು ಇನ್ನೂ ಬಂದಿಲ್ಲ. "ಪೂರ್ತಿ ಗುಣ ಮಾಡುತ್ತೇನೆ" ಎಂದು ಹೇಳಿ ಹಣ ಕೇಳುವವರನ್ನು ನಂಬಬೇಡಿ. ಆದರೆ ಸಕ್ಕರೆ ಕಾಯಿಲೆಯ ಹಾಗೆ ಇದನ್ನು ಹತೋಟಿಯಲ್ಲಿ ಇಡಬಹುದು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಮೈ ಚೊಕ್ಕ ಇರುತ್ತದೆ.

ಮೊದಲ ಹೆಜ್ಜೆ ಮನೆಯಲ್ಲಿಯೇ. ದಿನಾಲೂ ಉಗುರುಬೆಚ್ಚಗಿನ ನೀರಿನಲ್ಲಿ ಮೀಯಿರಿ. ತುಂಬಾ ಬಿಸಿ ನೀರು ಬೇಡ. ಖಾರ ಸೋಪು ಬೇಡ. ಹೊಟ್ಟನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯಬೇಡಿ. ಗಾಯವಾದ ಜಾಗದಲ್ಲಿಯೇ ಹೊಸ ಕಲೆ ಏಳುತ್ತದೆ. ಬೈರಾಸಿನಿಂದ ಒತ್ತಿ ಒರೆಸಿ. ಮೈ ಸ್ವಲ್ಪ ಒದ್ದೆ ಇರುವಾಗಲೇ ತೆಂಗಿನೆಣ್ಣೆ ಅಥವಾ ವ್ಯಾಸಲೀನು ಹಚ್ಚಿ.

ಕಾಸರಗೋಡಿನ ಹತ್ತಿರ ಉಳಿಯತ್ತಡ್ಕದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಚರ್ಮ ಚಿಕಿತ್ಸೆಯ ಸಂಸ್ಥೆ ಉಂಟು. ಡಾ. ಎಸ್.ಆರ್. ನರಹರಿಯವರು ಅದನ್ನು 1999ರಲ್ಲಿ ಸುರು ಮಾಡಿದರು. ಆನೆಕಾಲು ರೋಗದ ಚಿಕಿತ್ಸೆಗೆ ಆ ಸಂಸ್ಥೆ ಹೊರದೇಶಗಳಲ್ಲಿಯೂ ಹೆಸರು ಪಡೆದಿದೆ. ಇಂಗ್ಲಿಷ್ ಮದ್ದು, ಆಯುರ್ವೇದ, ಯೋಗ ಎಲ್ಲವನ್ನೂ ಕಲಿತವರ ಕೈಯಲ್ಲಿ ಸೇರಿಸಿ ಅಲ್ಲಿ ಚಿಕಿತ್ಸೆ ಮಾಡುತ್ತಾರೆ. ಆನೆಕಾಲಿನ ಆರೈಕೆಯಲ್ಲಿಯೂ ಮೊದಲ ಪಾಠ ಇದೇ: ತೊಳೆಯುವುದು, ಒರೆಸುವುದು, ಚರ್ಮವನ್ನು ಮೆತ್ತಗೆ ಇಡುವುದು. ಸಣ್ಣ ಕೆಲಸ ಎಂದು ಬಿಡಬಾರದು.

ಎರಡನೆಯದು ಹಚ್ಚುವ ಮದ್ದು. ಟಾರು ಸೇರಿದ ಮುಲಾಮು, ಹೊಟ್ಟು ಮೆತ್ತಗೆ ಮಾಡುವ ಮುಲಾಮು, ಸ್ಟಿರಾಯ್ಡ್ ಮುಲಾಮು ಕೊಡುತ್ತಾರೆ. ಮೂರನೆಯದು ಬೆಳಕಿನ ಚಿಕಿತ್ಸೆ. ದೊಡ್ಡ ಆಸ್ಪತ್ರೆಯಲ್ಲಿ ವಿಶೇಷ ದೀಪದ ಎದುರು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ನಾಲ್ಕನೆಯದು ಗುಳಿಗೆ ಮತ್ತು ಇಂಜೆಕ್ಷನ್. ಕಾಯಿಲೆ ಜೋರಿದ್ದರೆ, ಗಂಟು ನೋವಿದ್ದರೆ ಇದು ಬೇಕಾಗುತ್ತದೆ.

ಕುಡಿತ, ಬೀಡಿ, ಸಿಗರೇಟು ಈ ಕಾಯಿಲೆಯನ್ನು ಹೆಚ್ಚಿಸುತ್ತವೆ. ಮನಸ್ಸಿನ ಚಿಂತೆಯೂ ಹೆಚ್ಚಿಸುತ್ತದೆ. ಗಂಟಲು ನೋವು, ಜ್ವರ ಬಂದ ಮೇಲೆ ಕೆಲವರಿಗೆ ಕಲೆ ಜಾಸ್ತಿ ಆಗುತ್ತದೆ. ಬೇರೆ ಕಾಯಿಲೆಗೆ ಮದ್ದು ತೆಗೆದುಕೊಳ್ಳುವಾಗ "ನನಗೆ ಸೋರಿಯಾಸಿಸ್ ಉಂಟು" ಎಂದು ವೈದ್ಯರಿಗೆ ಹೇಳಿ.

ವಾರಕ್ಕೆ ಒಂದೇ ದಿನ

ಅಕ್ಕ ಪುನಃ ತರಗತಿಗೆ ಬರತೊಡಗಿದರು. ಆಸ್ಪತ್ರೆಯಲ್ಲಿ ಅವರಿಗೆ ಹೊಸ ಗುಳಿಗೆ ಕೊಟ್ಟಿದ್ದರು. ಒಂದು ಬುಧವಾರ ಗುಳಿಗೆಯ ಕವರು ತಂದು ತೋರಿಸಿದರು.

"ಟೀಚರೇ, ಇದರಲ್ಲಿ ಎಂತ ಬರೆದಿದ್ದಾರೆ? ನಿನ್ನೆಯೂ ತಿಂದೆ, ಮೊನ್ನೆಯೂ ತಿಂದೆ. ಬಾಯಿ ಉರಿತದೆ."

ಕವರಿನ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಓದಿ ನನ್ನ ಎದೆ ಧಸಕ್ಕೆಂದಿತು. ಗುಳಿಗೆಯ ಹೆಸರು ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದು ಸಲ ತಿನ್ನಲು ಬರೆದಿದ್ದರು. ಅವರು ದಿನಾಲೂ ತಿನ್ನುತ್ತಿದ್ದರು.

ಕೂಡಲೇ ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಫೋನು ಮಾಡಿದೆವು. ಅವರು ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಲು ಹೇಳಿದರು. ಆ ರಾತ್ರಿಯೇ ಜೀಪು ಮಾಡಿ ಹೋದೆವು. ರಕ್ತ ಪರೀಕ್ಷೆ ಮಾಡಿದರು, ಮದ್ದು ಕೊಟ್ಟರು. ಎರಡೇ ದಿನದಲ್ಲಿ ಗೊತ್ತಾದದ್ದು ಪುಣ್ಯ. ಹೆಚ್ಚು ದಿನ ತಿಂದಿದ್ದರೆ ಜೀವವೇ ಹೋಗುತ್ತಿತ್ತೋ ಏನೋ.

ಮೆಥೊಟ್ರೆಕ್ಸೇಟ್ ಕೆಟ್ಟ ಮದ್ದಲ್ಲ. ವೈದ್ಯರು ಹೇಳಿದ ಹಾಗೆ ವಾರಕ್ಕೆ ಒಂದೇ ದಿನ ತಿಂದರೆ ಬಹಳ ಜನರಿಗೆ ಗುಣ ಕೊಡುತ್ತದೆ. ಆದರೆ ನಾಲ್ಕು ಮಾತು ನೆನಪಿರಲಿ. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಕುಡಿಯಬಾರದು. ಬಸುರಿಯರು ತಿನ್ನಲೇಬಾರದು; ಮಗು ಬೇಕೆಂದು ಇರುವ ಗಂಡ, ಹೆಂಡತಿ ಇಬ್ಬರೂ ಮೊದಲೇ ವೈದ್ಯರಿಗೆ ಹೇಳಬೇಕು. ಬಾಯಿ ಹುಣ್ಣು, ಜ್ವರ, ರಕ್ತ ಸೋರುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಮ್ಮ ಜಿಲ್ಲೆಯಲ್ಲಿ ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ. ಬೋರ್ಡು ಹೆಚ್ಚಾಗಿ ಮಲಯಾಳದಲ್ಲಿ ಇರುತ್ತದೆ. ನಾವು ಕಲಿತದ್ದು ಕನ್ನಡ. ಹಾಗಾದರೆ ಎಂತ ಮಾಡುವುದು? ಕೇಳುವುದು. ನಾಚಿಕೆ ಬೇಡ. "ಯಾವ ಗುಳಿಗೆ? ಎಷ್ಟು? ಯಾವ ದಿನ? ಊಟದ ಮೊದಲಾ, ನಂತರವಾ?" ಈ ನಾಲ್ಕು ಪ್ರಶ್ನೆ ಕೇಳಿ. ಉತ್ತರವನ್ನು ಅಲ್ಲಿಯೇ ನಿಂತು ನಿಮ್ಮ ಕೈಯಿಂದ ಕನ್ನಡದಲ್ಲಿ ಕವರಿನ ಮೇಲೆ ಬರೆಯಿರಿ. ಬರೆದದ್ದನ್ನು ಅವರಿಗೆ ಓದಿ ಹೇಳಿ.

ಆಸ್ಪತ್ರೆಯವರು ಕೆಲವು ವಾರದ ನಂತರ ಗುಳಿಗೆ ಪುನಃ ಸುರು ಮಾಡಿದರು. ಆ ಸಲ ಅಕ್ಕ ಕವರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರು: "ಆದಿತ್ಯವಾರ ಮಾತ್ರ." "ತ್ಯ" ಬರೆಯಲು ಅವರಿಗೆ ಕಷ್ಟ ಆಗಿತ್ತು. ಮೂರು ಸಲ ಒರೆಸಿ ಬರೆದರು. ನಾನು ಎಷ್ಟೋ ಜನರಿಗೆ ಒತ್ತಕ್ಷರ ಕಲಿಸಿದ್ದೇನೆ. ಆದರೆ ಒಂದು ಒತ್ತಕ್ಷರ ಒಂದು ಜೀವ ಕಾಯುವುದನ್ನು ಅಂದೇ ನೋಡಿದ್ದು.

ಈಗ ಅವರ ಮೊಣಕೈಯಲ್ಲಿ ಸಣ್ಣ ಕಲೆ ಮಾತ್ರ ಉಳಿದಿದೆ. ಮಳೆ ಬಿಟ್ಟು ಚಳಿ ಸುರುವಾದಾಗ ಸ್ವಲ್ಪ ಜಾಸ್ತಿ ಆಗುತ್ತದೆ, ಪುನಃ ಕಡಿಮೆ ಆಗುತ್ತದೆ. ಅವರು ತರಗತಿಯಲ್ಲಿ ಎದುರು ಕೂರುತ್ತಾರೆ. ಅವಲಕ್ಕಿ ತಂದ ದಿನ ಡಬ್ಬ ಖಾಲಿಯಾಗಿಯೇ ಮನೆಗೆ ಹೋಗುತ್ತದೆ. ಮೊದಲು ಕೈ ಹಾಕುವುದು ನಾನೇ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿಂದ ಕಾಸರಗೋಡಿನ ಜನರಲ್ ಆಸ್ಪತ್ರೆಗೆ ಅಥವಾ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಚರ್ಮದ ವೈದ್ಯರು ಯಾವ ದಿನ ಇರುತ್ತಾರೆ ಎಂದು ಮೊದಲೇ ವಿಚಾರಿಸಿ ಬಸ್ಸು ಹತ್ತಿ. ಹಳೆಯ ಚೀಟಿ, ತಿಂದ ಗುಳಿಗೆಯ ಕವರು, ಹಚ್ಚಿದ ಟ್ಯೂಬು ಎಲ್ಲ ಕೊಂಡುಹೋಗಿ. ನಾಟಿ ಮದ್ದು ಮಾಡಿದ್ದರೆ ಅದನ್ನೂ ಅಡಗಿಸದೆ ಹೇಳಿ.

ಹೊಸ ಪದಗಳು

ಹತೋಟಿ: ಹಿಡಿತ
ವಂಶ: ಮನೆತನ, ಹಿರಿಯರ ಸಾಲು
ಬೈರಾಸು: ಮೈ ಒರೆಸುವ ಬಟ್ಟೆ
ಊನ: ಅಂಗದ ಕೊರತೆ
ಜೋಪಾನ: ಜಾಗ್ರತೆ

ಓದಿ ಉತ್ತರ ಹೇಳಿ

1. ಅಕ್ಕ ಬಾಗಿಲ ಹತ್ತಿರ ಯಾಕೆ ಕೂರುತ್ತಿದ್ದರು?
2. ಸೋರಿಯಾಸಿಸ್ ಯಾಕೆ ಅಂಟುವುದಿಲ್ಲ?
3. ಪಾಠದಲ್ಲಿ ಹೇಳಿದ ಕಾಯಿಲೆಗಳಲ್ಲಿ ಬೈರಾಸು ಬೇರೆ ಇಡಬೇಕಾದದ್ದು ಯಾವುದಕ್ಕೆ? ಮನೆಯವರೆಲ್ಲ ಒಂದೇ ದಿನ ಮದ್ದು ಹಚ್ಚಬೇಕಾದದ್ದು ಯಾವುದಕ್ಕೆ?
4. ಮುಟ್ಟಿದರೆ ಗೊತ್ತಾಗದ ಕಲೆ ಕಂಡರೆ ಏನು ಮಾಡಬೇಕು?
5. ಮದ್ದು ಕೊಡುವವರಲ್ಲಿ ಕೇಳಬೇಕಾದ ನಾಲ್ಕು ಪ್ರಶ್ನೆ ಯಾವುವು?

ಬರೆಯಿರಿ

ವಾರದ ಏಳು ದಿನಗಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ನಿಮ್ಮ ಮನೆಯಲ್ಲಿ ಇರುವ ಒಂದು ಮದ್ದಿನ ಕವರು ತರಗತಿಗೆ ತನ್ನಿ. ಅದನ್ನು ಯಾವಾಗ, ಎಷ್ಟು ತಿನ್ನಬೇಕು ಎಂದು ಕೇಳಿ ತಿಳಿದು ಅದರ ಮೇಲೆ ಕನ್ನಡದಲ್ಲಿ ಬರೆಯಿರಿ.

ಮಾತಾಡಿ

ನಿಮ್ಮ ಊರಿನಲ್ಲಿ ಚರ್ಮದ ಕಾಯಿಲೆಯಿಂದ ಮದುವೆ ಮನೆಗೆ, ಜಾತ್ರೆಗೆ ಬಾರದೆ ಉಳಿದವರು ಇದ್ದಾರೆಯೇ? ಅವರ ಹೆಸರು ಹೇಳುವುದು ಬೇಡ. ಅವರನ್ನು ಕರೆಯಲು ನೀವು ಏನು ಮಾಡಬಹುದು, ಅದನ್ನು ಹೇಳಿ.